ಸೊನ್ನೆಗೂ ಬಣ್ಣ ಬೇಕು

ಮೂರು ವರ್ಷದ ಹಿಂದೆ ಇದೇ ಗೇಟಿಗೆ
ಹಳದಿಯಲ್ಲಿ ಬರೆದಿದ್ದೆ: ಸ್ವಂತ.
ಎರಡೇ ಅಕ್ಷರ ಅಲ್ವಾ ಜಬ್ಬಾರಣ್ಣ,
ಸೊನ್ನೆಗೂ ದುಡ್ಡಾ, ಅಂದಿದ್ದಳು ದಮಯಂತಿ.
ಸೊನ್ನೆಗೂ ಬಣ್ಣ ಬೇಕಲ್ಲಮ್ಮ, ಅಂದಿದ್ದೆ.
ನಕ್ಕು, ಕೇಳಿದ್ದಕ್ಕಿಂತ ಇಪ್ಪತ್ತು ಹೆಚ್ಚೇ ಕೊಟ್ಟಳು.

ಇವತ್ತು ಫೈನಾನ್ಸಿನ ಹುಡುಗ
ಕೆಂಪು ಡಬ್ಬಿ, ತಗಡಿನ ಅಚ್ಚು ತಂದಿದ್ದಾನೆ.
ಫ್ಲೆಕ್ಸ್ ಕಟ್ಟಿದರೆ ರಾತ್ರಿ ಬಿಚ್ಚಿಹಾಕುತ್ತಾರಂತೆ,
ಗೋಡೆಯೇ ಬೇಕಂತೆ, ರಸ್ತೆಗೆ ಕಾಣಬೇಕಂತೆ.
ಗೋಣಿಕೊಪ್ಪದಲ್ಲಿ ಕುಂಚ ಹಿಡಿಯುವವನು
ಉಳಿದಿರುವುದು ನಾನೊಬ್ಬ.
ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.
ಚದರಡಿಗೆ ಹನ್ನೆರಡು ರೂಪಾಯಿ.

ಮದುಮಗಳಿಗೆ ಸೀರೆ ಉಡಿಸುವ ಕೈ ಅವಳದು.
ಹಲ್ಲಲ್ಲಿ ಪಿನ್ನು ಕಚ್ಚಿ, ನೆರಿಗೆ ಬೆನ್ನಿಗೆ ತಂದು
ಹೆಗಲಲ್ಲಿ ಸೆರಗು ಗಂಟಿಟ್ಟರೆ
ಹಳೇ ಕೊಡವತಿಯರೂ ತಲೆದೂಗುತ್ತಿದ್ದರು.
ಮಾರ್ಚಿನಲ್ಲಿ ಪಾರ್ಲರಿನ ಮೆಟ್ಟಿಲು ಜಾರಿ
ಮಣಿಕಟ್ಟು ಮುರಿಯಿತು.
ಏಪ್ರಿಲ್, ಮೇ: ಹನ್ನೊಂದು ಮದುವೆ ಬೇರೆಯವರ ಪಾಲು.
ಮೂಳೆ ಕೂಡಲು ನಲವತ್ತೈದು ದಿನ,
ಸಾಲ ಕೆಡಲು ತೊಂಬತ್ತು,
ಆಮೇಲೆ ಅರವತ್ತು ದಿನದ ನೋಟಿಸು.

ಏಣಿ ಅಲ್ಲಾಡುತ್ತಿತ್ತು.
ಬಂದು ಹಿಡಿದುಕೊಂಡಳು, ಅದೇ ಕೈಯಲ್ಲಿ.
ಬಿಡಮ್ಮ, ಅಂದೆ.
ಬಿದ್ದರೆ ನಿಮ್ಮ ಕೈಗೂ ನಲವತ್ತೈದು ದಿನ, ಅಂದಳು.

ಅಚ್ಚಿನಲ್ಲಿ ಮಕಾರದ ಬಾಲ ಮುರಿದಿತ್ತು.
'ಈ ಸ್ವತ್ತು ಅಡವಾನವಾಗಿದೆ'
ಕೆಳಗಿನಿಂದ ಓದಿದಳು, ತುಟಿಯಾಡಿಸಿ.
ಮ ತಪ್ಪಾಗಿದೆ ಜಬ್ಬಾರಣ್ಣ.
ಯಾರು ನೋಡ್ತಾರೆ ಬಿಡಿ, ಅಂದ ಹುಡುಗ.
ನೋಡಲಿ ಅಂತಲೇ ಅಲ್ವಾ ಬರೆಸೋದು?

ಸಣ್ಣ ಕುಂಚ ತೆಗೆದು ಬಾಲ ಎಳೆದೆ.
ಇಡೀ ಗೋಡೆಯಲ್ಲಿ
ನನ್ನ ಕೈಬರಹ ಅದೊಂದೇ.

ಕುಟ್ಟದ ಬಸ್ಸು ಹಂಪಿಗೆ ನಿಧಾನವಾಯಿತು,
ಕಿಟಕಿಗಳೆಲ್ಲ ಓದಿಕೊಂಡು ಹೋದವು.
ಹುಡುಗ ಸಾಕ್ಷಿಗೆಂದು ಫೋಟೋ ಹಿಡಿದ. ಅವಳು
ಅಭ್ಯಾಸಕ್ಕೆ ಮುಂಗುರುಳು ಸರಿಮಾಡಿಕೊಂಡಳು.

ಗೇಟಿನ ಹೆಸರು ಅಳಿಸೆಂದು ಯಾರೂ ಹೇಳಿರಲಿಲ್ಲ.
ಥಿನ್ನರಿನಲ್ಲಿ ಕೈ ಒರೆಸುವಾಗ ಕಂಡಿತು:
ಸೊನ್ನೆಯ ಬಣ್ಣ ಅರ್ಧ ಎದ್ದುಹೋಗಿದೆ.
ಚೀಲದ ತಳದಲ್ಲಿ ಹಳದಿ ಡಬ್ಬಿ,
ಮೇಲೆಲ್ಲ ಕೆನೆಗಟ್ಟಿತ್ತು.
ಕೆನೆ ಚುಚ್ಚಿ, ಕುಂಚ ಅದ್ದಿ
ಸುತ್ತ ಒಂದು ಸುತ್ತು ಬಂದೆ.

ನಾನು ದುಡ್ಡು ಕೇಳಲಿಲ್ಲ.
ಎಷ್ಟಾಯ್ತು ಅಂತ ಅವಳೂ ಕೇಳಲಿಲ್ಲ.