ಗುಳಿಗೊಂದು ಗುಳಿಗೆ

ವೈಯಾಲಾದಲ್ಲಿ ಗಾಳಿಗೂ ಕೆಮ್ಮಣ್ಣಿನ ಬಣ್ಣ.
ಅಂಗಡಿಯ ಗಾಜು ಬೆಳಗ್ಗೆ ಒರೆಸಿದ್ದು
ಊಟದ ಹೊತ್ತಿಗೆ ಮತ್ತೆ ತುಕ್ಕು.

ಮರ್ವ್ ಟ್ರೆಗೆನ್ಜಾ, ಉಕ್ಕಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಕ್ರೇನಿನ ತುದಿಗೆ ಕೂತವನು,
ಮಂಗಳವಾರ ಬರುತ್ತಾನೆ ವಾರದ ಡಬ್ಬಿಗೆ.
ಏಳು ದಿನ, ಎರಡು ಹೊತ್ತು:
ಥೇಟ್ ಅಳಗುಳಿಮಣೆ.
ಹದಿನಾಲ್ಕು ಗುಳಿ, ಗುಳಿಗೊಂದು ಗುಳಿಗೆ.
ಆಡುವವಳು ನಾನು. ಗೆಲ್ಲಬೇಕಾದವನು ಅವನು.

ಪೇಪರಿನ ತುಂಡೊಂದನ್ನು ಕೌಂಟರಿನ ಮೇಲೆ ಸವರಿಟ್ಟ:
"ಸೂಕಿ, ಈ ಸಕ್ಕರೆ ಮಾತ್ರೆ ನುಂಗೋರಿಗೆ
ಕರುಳಿನ ಕ್ಯಾನ್ಸರ್ ಕಡಿಮೆಯಂತೆ, ಹೌದಾ?"

ಹೌದು ಅನ್ನಲೇ?
ಸಾವಿರಾರು ಜನರ ಲೆಕ್ಕ ಇಟ್ಟವರಿಗೆ
ನುಂಗಿದವರ ಸಾಲಿನಲ್ಲಿ ರೋಗ ತುಸು ಕಮ್ಮಿ ಕಂಡಿತು.
ಅದೇ ಲೆಕ್ಕವನ್ನು ಬೇರೆಯವರು ಬೇರೆ ಕಡೆಯಿಂದ ಕೂಡಿದಾಗ
ವ್ಯತ್ಯಾಸ ಸವೆಯಿತು, ಸಾಬೂನಿನ ಚೂರಿನಂತೆ.
ಕಾದದ್ದು ಮಾತ್ರೆಯೋ,
ಮಾತ್ರೆ ಬರೆದ ಡಾಕ್ಟರ ಕಣ್ಣೋ,
ನುಂಗಿದವನು ದಿನಾ ಕಡಲದಂಡೆಗೆ ನಡೆದದ್ದೋ,
ಯಾರ ಖಾತೆಗೆ ಬರೆಯೋಣ ಪುಣ್ಯ?

ಈ ಮಾತ್ರೆಯ ಅಜ್ಜಿ ಒಂದು ಗಿಡ,
ತಿಳಿನೇರಳೆ ಹೂವಿನದು, ಯಾರದೋ ಬೇಲಿಯಲ್ಲಿತ್ತು.
ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ
ಇಲ್ಲೊಮ್ಮೆ ಸೋತಿದೆ. ಅಷ್ಟು ನನಗೆ ಗೊತ್ತು.

"ಕಡಿಮೆ ಅಂದರೆ ಇಲ್ಲ ಅಂತಲ್ಲ, ಮರ್ವ್."
"ಹಾಗಾದ್ರೆ ಸರ್ಕಾರ ಕಳಿಸಿದ ಆ ಲಕೋಟೆ?
ಕಡ್ಡೀಲಿ ಕೆದಕಿ, ಸೀಸೆಗೆ ಅದ್ದಿ... ಥೂ."
"ಮಾಡಲೇಬೇಕು."
"ಅಂಚೆಗೆ ಹಾಕೋ ತನಕ ಫ್ರಿಜ್ಜಲ್ಲಿಡಬೇಕಂತೆ! ಬಿಯರ್ ಪಕ್ಕ!"
ಸಾಲಿನಲ್ಲಿ ನಿಂತವರೂ ನಕ್ಕರು.

ಮಾಡಿದ.
ಜುಲೈ ಚಳಿಯಲ್ಲಿ ಅಡಿಲೇಡಿಗೆ ಕರೆದರು,
ಎರಡು ಗಂಟು ಕಿತ್ತರು. ಒಂದು ಕಡಲೆಯಷ್ಟು,
ಇನ್ನೊಂದು ಹೆಸರುಕಾಳು. ಇನ್ನೂ ಕೆಟ್ಟಿರಲಿಲ್ಲ.

"ಹನ್ನೆರಡು ವರ್ಷ ನುಂಗಿದೆ ಸೂಕಿ, ಆದರೂ ಬೆಳೀತಲ್ಲ?"
"ನುಂಗದೆ ಇದ್ದಿದ್ದರೆ ನಾಲ್ಕಾಗುತ್ತಿತ್ತೋ ಏನೋ."
"ಏನೋ," ಅಂದ.
ಡಬ್ಬಿ ಜೇಬಿಗಿಟ್ಟು ಬಾಗಿಲಲ್ಲಿ ತುಸು ನಿಂತ.

ಆದದ್ದಕ್ಕೆ ವರದಿಯಿದೆ, ಬಣ್ಣದ ಚಿತ್ರವಿದೆ.
ಆಗದೇ ಹೋದದ್ದು ಮಾತ್ರ
ಒಂದು ಸಲವೂ ಅಂಗಡಿಗೆ ಬಂದು
ನಾನೇ ಅದು ಅಂದದ್ದಿಲ್ಲ.

ನನಗೀಗ ಐವತ್ತೆರಡು.
ನನ್ನ ಲಕೋಟೆ ಮಾರ್ಚಿಯಿಂದ ಮೈಕ್ರೊವೇವಿನ ಮೇಲಿದೆ,
ಕರೆಂಟು ಬಿಲ್ಲಿನ ಕೆಳಗೆ, ಒಡೆಯದೆ.
ಊರಿಗೆಲ್ಲ ಬುದ್ಧಿ ಹೇಳಿ ಬಂದ ಬಾಯಿಗೆ
ರಾತ್ರಿ ನನ್ನದೇ ಬಿಳಿ ಮಾತ್ರೆ, ಅರ್ಧ ಲೋಟ ನೀರು.

ಇವತ್ತು ಭಾನುವಾರ.
ದೋಸೆಹಿಟ್ಟನ್ನು ಕೆಳಗಿನ ತಟ್ಟಿಗೆ ಇಳಿಸಿ,
ಮೊಸರನ್ನು ಬಾಗಿಲಿಗೆ ಸರಿಸಿ,
ಹಿಂದುಗಡೆ ಅಂಗೈಯಗಲ ಜಾಗ ಮಾಡಿದ್ದೇನೆ.

ಅಮ್ಮ ನೋಡಿದ್ದರೆ
ಫ್ರಿಜ್ಜನ್ನೇ ಬೀದಿಗೆ ಹಾಕಿ
ತಲೆಗೆ ಸ್ನಾನ ಮಾಡುತ್ತಿದ್ದಳು.