ಹತ್ತು ಸಾವಿರದ ಬಾಗಿಲು

ಕರೆಂಟು ಹೋಗಿ ಬಂದದ್ದು ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ.
ಕುತಾಯಿಸಿಯ ಹೆರಿಗೆ ಆಸ್ಪತ್ರೆಯಲ್ಲಿ
ದೀಪಗಳಿಗಿಂತ ಮೊದಲು ಕೂಸುಗಳು ಎದ್ದವು.
ಸರ್ವರ್ ಎದ್ದಿತೋ ಇಲ್ಲವೋ ನೋಡಬೇಕಾದವಳು ನಾನು:
ನಾಲ್ಕನೇ ಮಹಡಿ, ಮುದಿ ಲ್ಯಾಪ್‌ಟಾಪು, ಕಿತ್ತಳೆಯ ಸಿಪ್ಪೆ,
ಕೆಲಸ ಬಿಡುವಾಗ ಬಾದ್ರಿ ಕೊಟ್ಟುಹೋದ ನೋಟ್‌ಬುಕ್ಕು.

ವಿಳಾಸ ಬರೆದೆ. ಕೊನೆಗೆ ಎರಡು ಚುಕ್ಕಿ, ಹತ್ತು ಸಾವಿರ.
ಅದು ಬಾಗಿಲ ಸಂಖ್ಯೆ. ಇಡೀ ಯಂತ್ರದ ಬೀಗದಕೈಗಳು
ಅದರ ಹಿಂದೆ ಒಂದೇ ಮೊಳೆಗೆ ತೂಗುತ್ತವೆ.
ಪುಟ ಬಿಳಿಯಾಯಿತು. ಬಿಳಿಯಾಗಿಯೇ ಉಳಿಯಿತು.

ಪಿಂಗ್ ಅಂದೆ.
ನೆಲಮಾಳಿಗೆಯಿಂದ ಓಗೊಟ್ಟಿತು, ನಾಲ್ಕಕ್ಕೆ ನಾಲ್ಕು ಸಲ,
ಒಂದು ಮಿಲಿಸೆಕೆಂಡೂ ತಡಮಾಡದೆ.
ಅಂದರೆ ಮನೆಯಲ್ಲೇ ಇದ್ದಾನೆ, ಬಾಗಿಲು ಮಾತ್ರ ತೆಗೆಯುತ್ತಿಲ್ಲ.
ಇಂಥವನ ಜೊತೆ ನಾನು ಏಳು ವರ್ಷ ಸಂಸಾರ ಮಾಡಿದ್ದೇನೆ;
ಅದು ಬೇರೆ ಮಾತು.

ದೂರದಿಂದ ಒಳನುಗ್ಗುವ ಇನ್ನೊಂದು ದಾರಿಯಿತ್ತು.
ಹೋದ ಸೆಪ್ಟೆಂಬರಿನಲ್ಲಿ, ಭದ್ರತೆ ಅಂತ, ನಾನೇ ಮುಚ್ಚಿದ್ದೆ.
ಇಳಿದೆ. ಕಾವಲಿನ ಕಾರ್ಲೋ ಟಾರ್ಚು ಹಿಡಿದ,
ಬೆಳಕನ್ನು ಸರ್ವರಿನ ಮೇಲಲ್ಲ, ನನ್ನ ಚಪ್ಪಲಿಯ ಮೇಲೆ.
ಸೇವೆ ಬಿದ್ದುಕೊಂಡಿತ್ತು. ಎಬ್ಬಿಸಿದೆ.
ಏದುಸಿರಲ್ಲಿ ಹತ್ತಿ ಬಂದರೆ ಅದೇ ಬಿಳುಪು.

'ಬೈಯಬೇಡ. ಫೈರ್‌ವಾಲ್ ನೋಡು'
ಎಂದಿತ್ತು ಬಾದ್ರಿಯ ವಾಲಿದ ಅಕ್ಷರ.
ಬೈದೆ. ಮತ್ತೆ ಇಳಿದೆ.
ಹತ್ತು ಸಾವಿರವನ್ನು ಒಳಗೆ ಬಿಡು ಎಂಬ ನಿಯಮವನ್ನು
ಯಾರೋ ಬರೆದು, ಉಳಿಸದೆ ಬಿಟ್ಟಿದ್ದರು;
ಅದು ಕರೆಂಟಿನ ಜೊತೆಗೇ ಹೋಗಿತ್ತು.
(ಯಾರೋ ಅಂದರೆ, ಕಾರ್ಲೋ ಎದುರಿಗಿದ್ದಾನಲ್ಲ, ಅದಕ್ಕೆ ಯಾರೋ.)

ಈ ಸಲ ಬಿಳುಪು ಹೋಗಿ ಮಾತು ಬಂತು:
'ಎಚ್‌ಟಿಟಿಪಿಯ ಬಾಲಕ್ಕೊಂದು ಎಸ್ ಸೇರಿಸಿ ಬಾ.'
ಸೇರಿಸಿದೆ. ಆಗ ಕೆಂಪು ಬೀಗ:
'ಈ ಪ್ರಮಾಣಪತ್ರದ ಕಾಲ ಇನ್ನೂ ಆರಂಭವಾಗಿಲ್ಲ.'
ತಿಂಗಳ ಹಿಂದೆ ಈ ಕೈಯಾರೆ ಮಾಡಿದ ಪತ್ರ!
'ಆಗಲಿ, ಮುಂದೆ ಹೋಗು' ಎನ್ನುವ ಗುಂಡಿಯೂ ಇಲ್ಲ.

ಅಷ್ಟರಲ್ಲಿ ದೊದೊ ಬಂದಳು,
ಮೂವತ್ತೆಂಟು ವರ್ಷ ಹೆರಿಗೆ ಮಾಡಿಸಿದ ತೋಳು,
ತೋಳಿನ ತುದಿಗೆ ಬರಿದಾದ ಮಣಿಕಟ್ಟಿನ ಪಟ್ಟಿ.
ಎರಡನೇ ವಾರ್ಡು, ಹೆಣ್ಣು, ಮೂರು ಕಿಲೋ ನೂರ ನಲವತ್ತು.
ನಿನ್ನ ಪೆಟ್ಟಿಗೆ ನಂಬರು ಕೊಡದೆ ಪಟ್ಟಿ ಅಚ್ಚಾಗದು;
ಗಾಜ್ ಬಟ್ಟೆ ಹರಿದು, ನೇರಳೆ ಪೆನ್ನಲ್ಲಿ
'ಗ್ವೆಲೆಸಿಯಾನಿಯ ಮಗಳು' ಅಂತ ಬರೆದು ಕಟ್ಟಿದ್ದೇನೆ.
ಎಷ್ಟು ಹೊತ್ತು ಇನ್ನೂ?

ಪತ್ರ ಇನ್ನೂ ಹುಟ್ಟಿಲ್ಲವಂತೆ, ಅಂದೆ.
ದೊದೊ ಕನ್ನಡಕ ಏರಿಸಿದಳು.
ಅವಳು ಓದಿದ್ದು ಕೆಂಪು ಅಕ್ಷರವನ್ನಲ್ಲ,
ಪರದೆಯ ಮೂಲೆಯ ಪುಟ್ಟ ಅಂಕಿಗಳನ್ನು;
ಹುಟ್ಟಿದ ಕೂಡಲೇ ಗಡಿಯಾರ ನೋಡುವುದು ಅವಳ ಕಣ್ಣಿಗೆ ರೂಢಿ.
'ಇರ್ಮಾ, ಇದು ಯಾವ ವರ್ಷದಲ್ಲಿ ಕೂತಿದೆ?'

ಜನವರಿ ಒಂದು, ಎರಡು ಸಾವಿರದ ಒಂಬತ್ತು.

ಲ್ಯಾಪ್‌ಟಾಪಿನ ಹೊಟ್ಟೆಯ ಗುಂಡಿಯಷ್ಟು ಬ್ಯಾಟರಿ ಸತ್ತಿತ್ತು.
ಕರೆಂಟು ಹೋದಾಗ ಅದು ಕಾಲವನ್ನು ಕೈಬಿಟ್ಟು
ತಾನು ಹುಟ್ಟಿದ ವರ್ಷಕ್ಕೆ ಓಡಿತ್ತು.
ಅಲ್ಲಿ ಕುಳಿತು ನೋಡಿದರೆ ಆ ಪತ್ರ ಸುಳ್ಳು, ನಾನು ಸುಳ್ಳು,
ಎರಡನೇ ವಾರ್ಡಿನ ಹೆಣ್ಣುಕೂಸಂತೂ ಯಾರ ಮನಸ್ಸಲ್ಲೂ ಇಲ್ಲ;
ಅದರ ತಾಯಿಯೇ ಇನ್ನೂ ಒಂದನೇ ಕ್ಲಾಸು.
ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ:
ಎರಡು ಸಲ, ನಾಲ್ಕು ಮಹಡಿ.

ದಿನ ತಿದ್ದಿದೆ. ವರ್ಷ ತಿದ್ದಿದೆ.
ಬಾಗಿಲು ತೆರೆಯಿತು, ಏನೂ ನಡೆದೇ ಇಲ್ಲವೆಂಬಂತೆ
ಹೆಸರು ಕೇಳಿತು, ಗುಟ್ಟು ಕೇಳಿತು.

ಇನ್ನು ಗಂಟೆ. ನಿಮಿಷ?
ಕರೆಂಟಿನ ಗಡಿಯಾರಗಳೆಲ್ಲ ಸೊನ್ನೆ ಮಿಟುಕಿಸುತ್ತಿದ್ದವು.
ದೊದೊ ತೋಳು ಮಡಚಿ, ಕೀಲಿ ಕೊಡುವ ಕೈಗಡಿಯಾರ ತೋರಿಸಿದಳು:
'ನಾಲ್ಕು ನಿಮಿಷ ಮುಂದಿದೆ.
ಕಳೆದು ಬರಕೋ.'