ಎಣಿಕಿ

ಮುಳಗುಂದದ ಆಚಿ ಖಣಿಯೊಳಗ ಅಪ್ಪ
ಬೀಡಿ ಕಿಡಿಲೆ ಬತ್ತಿ ಹಚ್ಚಿ ಓಡತಿದ್ದ.
ಒಂಬತ್ತು ತೂತು, ಒಂಬತ್ತು ಬತ್ತಿ.
ಓಣ್ಯಾಗ ಅವ್ವ ರೊಟ್ಟಿ ಬಡಕೋಂತ ಎಣಸಾಕಿ.
ಎಣಿಕಿ ತಪ್ಪಿದರ ಅಂಗೈ ನಿಲ್ಲತಿತ್ತು,
ಹಂಚಿನ ಮ್ಯಾಲಿಂದು ಕರ್ರಗಾಗತಿತ್ತು.

ಒಂದಿನ ಎಂಟಕ್ಕ ನಿಂತಿತು.
ಮುಕಾದಮಗ ಲಾರಿ ತುಂಬೂ ಅವಸರ.
ಹುಲಗಪ್ಪ ಕಾಕಾ ಹಾರಿ ಹಿಡಕೊಂಡು ಇಳದ.
ಉಳಿದ ಮೂರು ಬೆರಳಿಲೆ
ಮುಂದ ನಮಗೆಲ್ಲ ಮಗ್ಗಿ ಕಲಿಸಿದ.

ಆಮ್ಯಾಲೆ ವಾಯರ್ ಬಂತು, ತಿರುವೂ ಪೆಟ್ಟಿಗಿ ಬಂತು,
ಮ್ವಾಡ ಗುಡುಗಿದರ ಎಲ್ಲಾರೂ ಗುಡ್ಡದ ಕೆಳಗ.
ಈಗ ಹಳದಿ ನಳಿಗಿ, ಮೂರು ಸಲ ಸೈರನ್ನು,
ರಸ್ತೆದಾಗ ಕೆಂಪು ಬಾವುಟ ಹಿಡಿದ ಮಕ್ತುಮಸಾಬ;
ಲೈಸೆನ್ಸಿನ ಮ್ಯಾಲೆ ನನ್ನ ಫೋಟೋ.

ನಲವತ್ತು ತೂತು, ರೆಪ್ಪಿ ಬಡಿಯೂದ್ರಾಗ ಒಂದರ ಹಿಂದೊಂದು;
ಕಿವಿಗೆ ಒಂದ ಸಪ್ಪಳ.
ಕಲ್ಲು ಹಾರಂಗಿಲ್ಲ. ದಣಿದ ಎಮ್ಮಿಯಂಗ
ಗುಡ್ಡ ಮಣಕಾಲೂರಿ ಕುಂದರತೈತಿ.

ಅವ್ವಗ ಇದ ಕಿರಿಕಿರಿ:
"ಎಲ್ಲಾ ಹಾರಿದವು ಅಂತ ಯಾರು ಎಣಸತಾರ?"
"ಹೊಗಿ ಆರಿದ ಮ್ಯಾಲೆ ನಾನ ಇಳದು ನೋಡತೇನಿ."
"ಅದಕ್ಕ ಕೇಳಿದೆ," ಅಂತಾಳ,
ಹಿಟ್ಟಿನ ಕೈ ಹಂಗ ಹಿಡಕೊಂಡು.